ಎಂಜಿನ್ ಬದಲಾದರೆ ಸಾಲದು

ಬಸ್ಸು ನಿಲ್ಲುವಲ್ಲಿಂದ ಮುಂದಿನ ಮಲೆನಾಡು ಜೀಪಿನದು. ಕಳಸದ ಸುತ್ತಿನ ಲೈನ್ ಮನೆಗಳಿಂದ ಆಳುಗಳನ್ನು ತೋಟಕ್ಕೂ, ಕಣದಿಂದ ಕಾಫಿ ಮೂಟೆಗಳನ್ನು ಪೇಟೆಗೂ, ಆಷಾಢದ ಮಳೆಯಲ್ಲಿ ಬಸುರಿ ಹೆಣ್ಣುಮಕ್ಕಳನ್ನು ಮೂಡಿಗೆರೆಯ ಆಸ್ಪತ್ರೆಗೂ ಹೊತ್ತೊಯ್ದದ್ದು ಅದೇ. ಜೀಪನ್ನು ಈ ದೇಶದಲ್ಲಿ ಮನೆಮಾತಾಗಿಸಿದ ಮಹೀಂದ್ರಾ ಸಂಸ್ಥೆ 1945ರಲ್ಲಿ ಉಕ್ಕಿನ ವ್ಯಾಪಾರದಿಂದ ಆರಂಭವಾಗಿ, ಆ ದಶಕದ ಕೊನೆಯ ವೇಳೆಗೆ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಡೀಸೆಲ್ ಎಂಜಿನ್ನನ್ನು ನಂಬಿ ಬೆಳೆದ ಇದೇ ಸಂಸ್ಥೆ, ವಿದ್ಯುತ್ತಿಗೆಂದೇ ರೂಪಿಸಿದ ಎರಡು ಹೊಸ ಕಾರುಗಳನ್ನು 2024ರ ನವೆಂಬರಿನಲ್ಲಿ ಅನಾವರಣಗೊಳಿಸಿತು. ಬೆಟ್ಟದ ಜನ ಈ ಬದಲಾವಣೆಯನ್ನು ಹೇಗೆ ಕಾಣಬೇಕು?

ಈ ದಾರಿಯ ಮೊದಲ ಹೆಜ್ಜೆ ಮೂಡಿದ್ದು ಕರ್ನಾಟಕದಲ್ಲಿಯೇ. 2001ರಲ್ಲಿ ಬೆಂಗಳೂರಿನ ರೇವಾ ಸಂಸ್ಥೆ ಸೀಸ-ಆಮ್ಲ ಬ್ಯಾಟರಿಯ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿದ್ದ ಆ ಕಾರಿಗೆ ಲಂಡನ್ನಿನಲ್ಲಿ ದೊರೆತ ಆದರ ತವರಿನಲ್ಲಿ ದೊರೆಯಲಿಲ್ಲ. 2010ರಲ್ಲಿ ರೇವಾದ ಬಹುಪಾಲು ಮಹೀಂದ್ರಾದ ವಶವಾಯಿತು. 2013ರಲ್ಲಿ ಬಂದ ಮುಂದಿನ ಕಾರೂ ಹೆಚ್ಚು ಕಾಲ ನಿಲ್ಲಲಿಲ್ಲ. ವಿದ್ಯುತ್ ವಾಹನಗಳಿಗಾಗಿ ದೇಶದಲ್ಲೇ ಮೊದಲ ರಾಜ್ಯ ನೀತಿಯನ್ನು ಕರ್ನಾಟಕ ಪ್ರಕಟಿಸಿದ್ದು 2017ರಲ್ಲಿ. ಅಂದರೆ ಇಂದಿನ ಬದಲಾವಣೆಯ ಹಿಂದೆ ಎರಡು ದಶಕಗಳ ಏಳುಬೀಳುಗಳಿವೆ.

ಇದರ ಗುಣವನ್ನು ಮನಸ್ಸು ಬಿಚ್ಚಿ ಒಪ್ಪಬೇಕು. ಡೀಸೆಲ್ ಎಂಜಿನ್ ತಾನು ಉರಿಸುವ ಇಂಧನದ ಹೆಚ್ಚಿನ ಭಾಗವನ್ನು ಬಿಸಿಯಾಗಿ ಕಳೆಯುತ್ತದೆ. ವಿದ್ಯುತ್ ಮೋಟಾರು ಹೆಚ್ಚಿನ ಭಾಗವನ್ನು ಚಲನೆಯಾಗಿಸುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿನಲ್ಲಿ ಸುಟ್ಟುಹೋಗುವ ಶಕ್ತಿಯ ಒಂದಂಶವನ್ನು ಅದು ಬ್ಯಾಟರಿಗೆ ಮರಳಿ ತುಂಬಬಲ್ಲದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದುದನ್ನು ಕಂಡವರಿಗೆ, ಹದ ತಪ್ಪಿದ ಮಳೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಹೊಗೆ ಕಡಿಮೆ ಮಾಡುವ ಯಾವ ಯತ್ನವೂ ಬೆಟ್ಟಕ್ಕೆ ಬೇಕಾದದ್ದೇ.

ಆದರೆ ಹೊಗೆಯಿಲ್ಲದ ವಾಹನವೂ ನೆಲದಿಂದಲೇ ಹುಟ್ಟಬೇಕು. ಮಹೀಂದ್ರಾದ ಹೊಸ ಕಾರುಗಳ ಬ್ಯಾಟರಿಯಲ್ಲಿರುವುದು ಲಿಥಿಯಂ, ಕಬ್ಬಿಣ ಮತ್ತು ಫಾಸ್ಫೇಟ್. ಕಬ್ಬಿಣದ ಬೆಲೆ ಏನೆಂಬುದನ್ನು ಕಳಸದ ನೆರೆಯ ಕುದುರೆಮುಖ ಬಲ್ಲದು. ಇರಾನಿಗೆ ಅದಿರು ಕಳುಹಿಸಲೆಂದು 1970ರ ದಶಕದಲ್ಲಿ ತೆರೆದ ಆ ಗಣಿ, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಯಲ್ಲಿ ನಿಂತಿತು. ಗಣಿಯ ಕೆಸರು ತುಂಬಿದ ಲಕ್ಯಾ ಅಣೆಕಟ್ಟು ಇಂದಿಗೂ ಅಲ್ಲಿಯೇ ಇದೆ. ಫಾಸ್ಫೇಟ್ ಮೂಲತಃ ಕಾಫಿ, ಅಡಿಕೆಯ ಬುಡಕ್ಕೆ ಹಾಕುವ ಶಿಲಾರಂಜಕವೇ. ಭಾರತ ಅದರ ಬಹುಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಕಾರೂ ಗಿಡವೂ ಒಂದೇ ಖನಿಜಕ್ಕೆ ಕೈಚಾಚಿದರೆ ಗೊಬ್ಬರದ ಬೆಲೆ ಎತ್ತ ಸಾಗೀತೆಂದು ಸಣ್ಣ ಬೆಳೆಗಾರ ಈಗಲೇ ಯೋಚಿಸಬೇಕು. ಮಂಡ್ಯ ಜಿಲ್ಲೆಯಲ್ಲಿ 1600 ಟನ್ ಲಿಥಿಯಂ ಇದೆಯೆಂದು ಅಂದಾಜಿಸಲಾಗಿದೆ. ಅದನ್ನು ತೆಗೆಯುವ ದಿನ ಬಂದಾಗ ಕುದುರೆಮುಖದ ಪಾಠ ಮರೆಯದಿರಲಿ.

ಇನ್ನು ವಿದ್ಯುತ್ತು. ಶರಾವತಿ ಕಣಿವೆ ನಾಡಿಗೆ ಬೆಳಕು ಕೊಟ್ಟು ತಾನು ಮುಳುಗಿತು. ಅದೇ ಕಣಿವೆಯಲ್ಲಿ ಈಗ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ನಗರದ ಕಾರುಗಳಿಗಾಗಿ ಮತ್ತೊಂದು ಕಾಡನ್ನು ಕೇಳುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿರುವ ಹಳ್ಳಿಗೆ ಚಾರ್ಜಿಂಗ್ ಎಂಬುದು ದೂರದ ಮಾತು. ಅಲ್ಲಿನ ತೊರೆಗಳಲ್ಲಿ ಮಾತ್ರ ಆಗ ನೀರು ಸಮೃದ್ಧ. ಒಂದು ಕಿಲೋವ್ಯಾಟಿನ ಪುಟ್ಟ ಟರ್ಬೈನು ಎಡೆಬಿಡದೆ ತಿರುಗಿದರೆ ದಿನಕ್ಕೆ 24 ಯೂನಿಟ್ ದೊರೆಯುತ್ತದೆ. ಹೊಸ ಕಾರಿನ 59 ಯೂನಿಟ್ಟಿನ ಬ್ಯಾಟರಿ ತುಂಬಲು ಅದಕ್ಕೆ ಎರಡೂವರೆ ದಿನ ಬೇಕು. ಅದೇ ಸಂಸ್ಥೆಯ ಟ್ರಿಯೋ ವಿದ್ಯುತ್ ಆಟೋದ ಸುಮಾರು 7 ಯೂನಿಟ್ಟಿನ ಬ್ಯಾಟರಿಗಾದರೆ ಒಂದು ರಾತ್ರಿ ಸಾಕು. ಬೆಟ್ಟಕ್ಕೆ ಯಾವ ಗಾತ್ರದ ವಾಹನ ಹೊಂದೀತೆಂಬುದನ್ನು ಈ ಸರಳ ಲೆಕ್ಕವೇ ಹೇಳುತ್ತದೆ.

ಸಂಖ್ಯೆಯ ಪ್ರಶ್ನೆಯೂ ಉಳಿಯುತ್ತದೆ. ಮುಳ್ಳಯ್ಯನಗಿರಿಯ ಇಕ್ಕಟ್ಟಾದ ದಾರಿಯಲ್ಲಿ ಡೀಸೆಲ್ ಕಾರುಗಳ ಜಾಗಕ್ಕೆ ಅಷ್ಟೇ ವಿದ್ಯುತ್ ಕಾರುಗಳು ಬಂದರೆ ಹೊಗೆ ಹೋದೀತು, ದಟ್ಟಣೆ ಹೋಗದು; ರಸ್ತೆ ಅಗಲಿಸಲು ಗುಡ್ಡ ಕಡಿಯುವ ಒತ್ತಾಯವೂ ನಿಲ್ಲದು.

ಆದುದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಸರ್ಕಾರದ ನೆರವು ಮೊದಲು ಸಲ್ಲಬೇಕಾದದ್ದು ಹತ್ತು ಜನರನ್ನು ಹೊರುವ ಬಾಡಿಗೆ ಜೀಪಿಗೆ, ಹಳ್ಳಿಯ ಬಸ್ಸಿಗೆ. ವಾರಾಂತ್ಯದ ಪ್ರವಾಸಿಯ ಕಾರಿಗಲ್ಲ. ಜೀಪಿನಿಂದ ಬೆಳೆದ ಸಂಸ್ಥೆ ಏರುದಾರಿಗೆ ತಕ್ಕ, ಸಾಮಾನ್ಯ ಚಾಲಕನ ಕೈಗೆಟುಕುವ ವಿದ್ಯುತ್ ಜೀಪನ್ನು ಕೊಡಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅವು ತೊರೆಯ ದಂಡೆಗೆ ಬೀಳದಂತೆ ಗ್ರಾಮಸಭೆಗಳು ಕಾಯಲಿ. ವಿದ್ಯಾರ್ಥಿಗಳು ತಮ್ಮ ಊರಿನ ಜೀಪುಗಳು ದಿನಕ್ಕೆ ಓಡುವ ದೂರವನ್ನೂ ಹೊರುವ ಜನರನ್ನೂ ಲೆಕ್ಕವಿಡಲಿ. ಕೇಳುವವರ ಕೈಯಲ್ಲಿ ಲೆಕ್ಕವಿದ್ದರೆ ಉತ್ತರಿಸುವವರು ಹಗುರವಾಗಿ ಮಾತಾಡಲಾರರು.