ಗಡಿಪಾರು: ನೋಟಿಸಿಗೂ ಬಸ್ಸಿಗೂ ನಡುವಿನ ದಿನಗಳು

ಚುನಾವಣೆ ಹತ್ತಿರ ಬಂತೆಂದರೆ ಪೇಟೆಯಲ್ಲಿ ಎರಡು ಮಾತು ಶುರುವಾಗುತ್ತವೆ. ಯಾರಿಗೆ ಟಿಕೆಟ್ಟು? ಯಾರು ಗಡಿಪಾರು? ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡೀತಾ ನಿಂತಿದ್ದಾಗ ಕಿರಾಣಿ ಅಂಗಡಿಯ ಹಿರಿಯರೊಬ್ಬರು ಕೇಳಿದರು: "ಅಲ್ರೀ, ಸರ್ಕಾರ ಒಮ್ಮೆ ಊರು ಬಿಡು ಅಂದಮೇಲೆ ಕೋರ್ಟು ಏನು ಮಾಡ್ತೈತಿ? ಅದಕ್ಕೇನರ ಅಧಿಕಾರ ಐತೇನು?"

ಪ್ರಶ್ನೆ ಸಣ್ಣದಲ್ಲ. ಜವಾಬು ಹೇಳಬೇಕಾದರೆ ಮೊದಲು ಈ 'ಗಡಿಪಾರು' ಅನ್ನುವ ಮಾತನ್ನೇ ಬಿಡಿಸಿ ನೋಡಬೇಕು. ನಮ್ಮ ಬಾಯಲ್ಲಿ ಮೂರು ಬೇರೆ ಬೇರೆ ಸಂಗತಿಗೆ ಇದೊಂದೇ ಹೆಸರು.

ಒಂದನೆಯದು ನಮ್ಮ ಕಣ್ಣ ಮುಂದೆಯೇ ನಡೆದದ್ದು. ಗಣಿ ಪ್ರಕರಣದಲ್ಲಿ 2011ರಲ್ಲಿ ಸಿಬಿಐ ಬಂಧಿಸಿದ್ದ ಜನಾರ್ದನ ರೆಡ್ಡಿಯವರಿಗೆ 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತು. ಜತೆಗೊಂದು ಷರತ್ತು: ಬಳ್ಳಾರಿ, ಅನಂತಪುರ, ಕಡಪ ಜಿಲ್ಲೆಗಳಿಗೆ ಕಾಲಿಡಬಾರದು. ಆಗ ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಷರತ್ತು ತೆಗೆದದ್ದು 2024ರ ಸೆಪ್ಟೆಂಬರಿನಲ್ಲಿ. ಜನ ಇದನ್ನೂ ಗಡಿಪಾರು ಅಂದರು. ಆದರೆ ಇದರಲ್ಲಿ ಸರ್ಕಾರದ ಸಹಿ ಇಲ್ಲ. ಹಾಕಿದ್ದೂ ಕೋರ್ಟು, ತೆಗೆದದ್ದೂ ಕೋರ್ಟು. ನಡುವೆ ಊರಿಗೆ ಹೋಗಬೇಕೆಂದಾಗಲೆಲ್ಲ ಅರ್ಜಿ ಹಾಕಿ ಅನುಮತಿ ಪಡೆಯಬೇಕಿತ್ತು. ದೊಡ್ಡವರಿಗೆ ದಿಲ್ಲಿಯಲ್ಲಿ ದೊಡ್ಡ ವಕೀಲರಿರುತ್ತಾರೆ, ಅವರ ಕಥೆ ನಡೆಯುತ್ತದೆ. ನಮ್ಮ ನಿಮ್ಮಂಥವರ ಕಥೆ ಎರಡನೆಯದು.

ಸಾಹೇಬರ ಸಹಿ

ಎರಡನೆಯದು ನಿಜವಾದ ಗಡಿಪಾರು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 54ರಿಂದ ಮುಂದಿನ ಕಲಮುಗಳು. ಪೊಲೀಸರು ವರದಿ ಬರೆಯುತ್ತಾರೆ: ಈತನಿಂದ ಜನಕ್ಕೆ ಭಯ, ಸಾಕ್ಷಿ ಹೇಳಲು ಯಾರೂ ಮುಂದೆ ಬರುತ್ತಿಲ್ಲ. ಅದನ್ನು ನೋಡಿ ಎ.ಸಿ. ಸಾಹೇಬರು ಮ್ಯಾಜಿಸ್ಟ್ರೇಟ್ ಅಧಿಕಾರದಲ್ಲಿ ಆದೇಶ ಹೊರಡಿಸುತ್ತಾರೆ. ಅಪರಾಧ ಸಾಬೀತಾಗಿರಲೇಬೇಕು ಅಂತಿಲ್ಲ. ಜಿಲ್ಲೆಯಷ್ಟೇ ಅಲ್ಲ, ಅದಕ್ಕೆ ತಾಗಿದ ಪ್ರದೇಶದಿಂದಲೂ ದೂರ ಇಡಬಹುದು. ಅವಧಿ ಎರಡು ವರ್ಷದವರೆಗೆ.

ಎರಡು ವರ್ಷ ಅಂದರೆ ಏನು ಸ್ವಾಮಿ? ತಳ್ಳುಗಾಡಿಯವನಿಗೆ ಗಾಡಿ ನಿಲ್ಲಿಸುವ ಜಾಗ ಹೋಯಿತು. ಅಂಗಡಿಯವನ ಉದ್ರಿ ಲೆಕ್ಕ ಮುಳುಗಿತು. ಮಕ್ಕಳ ಸ್ಕೂಲು ಇಲ್ಲಿ, ಅಪ್ಪ ಯಾವುದೋ ಜಿಲ್ಲೆಯ ಠಾಣೆಗೆ ಹಾಜರಿ ಹಾಕುತ್ತ ಅಲ್ಲಿ. ಪುಂಡಾಟ ಮಾಡುವವರನ್ನು ಹದ್ದಿನಲ್ಲಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ರೌಡಿಯ ಹಾವಳಿ ಅನುಭವಿಸಿದ ವ್ಯಾಪಾರಿಗೆ ಗಡಿಪಾರು ಅಂದರೆ ನೆಮ್ಮದಿ. ಆದರೆ ಪಟ್ಟಿ ಉದ್ದ ಕಾಣಲೆಂದು ಹತ್ತು ವರ್ಷದ ಹಿಂದಿನ ಜಗಳದ ಕೇಸು ಹುಡುಕಿ ಹೆಸರು ಸೇರಿಸಿದರೆ?

ಇಲ್ಲಿ ಕೋರ್ಟಿನ ಕೆಲಸ ಬರುತ್ತದೆ. ಅದೇ ಕಾಯ್ದೆಯ 58ನೇ ಕಲಮು ಹೇಳುವುದು: ಆರೋಪ ಏನೆಂದು ಬರಹದಲ್ಲಿ ತಿಳಿಸಬೇಕು, ಉತ್ತರ ಕೊಡಲು ಅವಕಾಶ ಕೊಡಬೇಕು, ವಕೀಲರನ್ನು ಇಟ್ಟುಕೊಳ್ಳಬಹುದು. ಆಮೇಲೆ ಸರ್ಕಾರಕ್ಕೆ ಮೇಲ್ಮನವಿ. 60ನೇ ಕಲಮು ಕೋರ್ಟಿನ ಬಾಗಿಲನ್ನು ಪೂರಾ ತೆರೆದಿಲ್ಲ, ಹಾಗಂತ ಪೂರಾ ಮುಚ್ಚಿಯೂ ಇಲ್ಲ. ಹೇಳಿದ ಪದ್ಧತಿ ಪಾಲಿಸಿದರೋ ಇಲ್ಲವೋ, ಆದೇಶಕ್ಕೆ ಆಧಾರ ಅನ್ನುವುದೇನಾದರೂ ಇತ್ತೋ ಇಲ್ಲವೋ, ಸಾಕ್ಷಿಗಳು ಹೆದರಿದ್ದಾರೆಂದು ಅಧಿಕಾರಿಗೆ ನಿಜಕ್ಕೂ ಅನಿಸಿತ್ತೋ ಇಲ್ಲವೋ, ಇಷ್ಟನ್ನು ಕೇಳಬಹುದು. 'ಈತ ಒಳ್ಳೆಯವನೋ ಕೆಟ್ಟವನೋ' ಎಂದು ಹೈಕೋರ್ಟು ತೀರ್ಮಾನಿಸಲು ಕೂರುವುದಿಲ್ಲ. 'ಸಾಹೇಬರೇ, ಕಾರಣ ಎಲ್ಲಿ ಬರೆದಿದ್ದೀರಿ ತೋರಿಸಿ' ಎನ್ನುತ್ತದೆ.

2022ರ ಜನವರಿಯಲ್ಲಿ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಒಂದು ಗಡಿಪಾರು ಆದೇಶವನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು ಹೀಗೆಯೇ. ಪೂರಾ ಎರಡು ವರ್ಷ ಯಾಕೆ ಹಾಕಿದಿರಿ ಅನ್ನುವುದಕ್ಕೆ ಆದೇಶದಲ್ಲಿ ಕಾರಣವೇ ಇರಲಿಲ್ಲ. ಗಡಿಪಾರು ಅಸಾಧಾರಣ ಕ್ರಮ, ಮನುಷ್ಯನನ್ನು ಅವನ ಮನೆ ಸಂಸಾರದಿಂದ, ದುಡಿಮೆಯಿಂದ ದೂರ ಮಾಡುವಂಥದ್ದು, ಅದನ್ನು ಅಪರೂಪಕ್ಕೆ ಬಳಸಬೇಕು ಎಂಬುದು ಆ ತೀರ್ಪಿನ ಸಾರ.

ಗೋಕರ್ಣದ ಗುಹೆಯಿಂದ

ಮೂರನೆಯದು ಪರದೇಶದವರ ಗಡಿಪಾರು. ಹಂಪಿ ಇರುವ ಊರಿನವರಿಗೆ ಇದು ದೂರದ ಮಾತಲ್ಲ. ಹಂಪಿ, ಕಮಲಾಪುರದಲ್ಲಿ ವಿದೇಶಿಯರಿಗೆ ರೂಮು ಕೊಡುವ ಪ್ರತಿಯೊಬ್ಬನಿಗೂ ಸಿ-ಫಾರಂ ಗೊತ್ತು. 24 ಗಂಟೆಯೊಳಗೆ ಮಾಹಿತಿ ಕಳಿಸದಿದ್ದರೆ ಮಾಲೀಕನಿಗೇ ತೊಂದರೆ.

ಇಲ್ಲಿ ಸರ್ಕಾರದ ಕೈ ಬಹಳ ಉದ್ದ. ವಿದೇಶಿಯನ್ನು ಹೊರಗೆ ಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲ ಎಂದು 1955ರಲ್ಲೇ, ಜರ್ಮನಿಯವನೊಬ್ಬನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. 1937ರಿಂದ ಭಾರತದಲ್ಲಿದ್ದ ಬೆಲ್ಜಿಯಂನ ಪಾದ್ರಿಯೊಬ್ಬರಿಗೂ 1991ರಲ್ಲಿ ಅದೇ ಮಾತು: ಜೀವ, ಸ್ವಾತಂತ್ರ್ಯದ ರಕ್ಷಣೆ ನಿಮಗೂ ಉಂಟು, ಆದರೆ ಇಲ್ಲೇ ನೆಲೆಸುವ ಹಕ್ಕು ನಾಗರಿಕರದು. ಹಳೆಯ 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಹೊರಹಾಕುವ ಅಧಿಕಾರ ಅದರಲ್ಲೂ ಸರ್ಕಾರದ ಕೈಯಲ್ಲೇ ಇದೆ.

ಹಾಗಾದರೆ ಕೋರ್ಟು ಸುಮ್ಮನೆ ನೋಡುತ್ತ ಕೂರುತ್ತದೆಯೇ? ಇಲ್ಲ. 2025ರ ಜುಲೈಯಲ್ಲಿ ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯಲ್ಲಿ ರಷ್ಯಾದ ಒಬ್ಬ ತಾಯಿ, ಇಬ್ಬರು ಸಣ್ಣ ಹೆಣ್ಣುಮಕ್ಕಳು ಪೊಲೀಸರಿಗೆ ಸಿಕ್ಕರು. ವೀಸಾ ಮುಗಿದು ವರ್ಷಗಳಾಗಿದ್ದವು. ಕಳಿಸಿಬಿಡುವ ತಯಾರಿ ನಡೆಯಿತು. ಅಷ್ಟರಲ್ಲಿ ಅರ್ಜಿ ಹೈಕೋರ್ಟಿಗೆ ಹೋಯಿತು. ಮಕ್ಕಳ ಹಿತ ನೋಡದೆ ಆತುರದಲ್ಲಿ ಕಳಿಸಬೇಡಿ ಎಂದು ಹೈಕೋರ್ಟು ತಡೆದು ನಿಲ್ಲಿಸಿತು. ಇಸ್ರೇಲಿನ ಒಬ್ಬಾತ ಮಕ್ಕಳ ತಂದೆ ನಾನೆಂದು ಬಂದ. ವಿಚಾರಣೆ ನಡೆದು, ತಾಯಿಯೇ ಸ್ವದೇಶಕ್ಕೆ ಹೋಗುತ್ತೇನೆಂದಾಗ, ಸೆಪ್ಟೆಂಬರಿನಲ್ಲಿ ಅದೇ ಹೈಕೋರ್ಟು ಕಳಿಸಲು ಅನುಮತಿ ಕೊಟ್ಟಿತು. ಅಂದರೆ ತೀರ್ಮಾನ ಕೊನೆಗೂ ಬದಲಾಗಲಿಲ್ಲ. ಆದರೆ ಎರಡು ಮಕ್ಕಳ ಮಾತು ಕೇಳಿಸಿಕೊಳ್ಳದೆ ವಿಮಾನ ಹಾರಲಿಲ್ಲ.

ಬಸ್ಸು ಹೋದ ಮೇಲೆ

ಇದರ ಎದುರು ಇನ್ನೊಂದು ಪ್ರಕರಣ ಇಟ್ಟು ನೋಡಿ. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಬಡ ಕುಟುಂಬವೊಂದು ಹೊಟ್ಟೆಪಾಡಿಗೆ ದಿಲ್ಲಿಯಲ್ಲಿತ್ತು. ಬಾಂಗ್ಲಾದೇಶದವರೆಂದು ಹಿಡಿದು 2025ರ ಜೂನಿನಲ್ಲಿ ಗಡಿಯಾಚೆ ದಬ್ಬಿದರು. ಹೆಣ್ಣುಮಗಳು ಬಸುರಿ, ಜತೆಗೆ ಸಣ್ಣ ಮಗ. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟು ಆ ಕ್ರಮವನ್ನು ರದ್ದು ಮಾಡಿ, ನಾಲ್ಕು ವಾರದಲ್ಲಿ ವಾಪಸು ಕರೆತನ್ನಿ ಎಂದಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ ಡಿಸೆಂಬರಿನಲ್ಲಿ, ಮಾನವೀಯತೆಯ ಮೇಲೆ, ತಾಯಿ ಮಗ ಮರಳಿದರು. ದಬ್ಬಲು ಕೆಲವೇ ದಿನ ಸಾಕಾಯಿತು. ತರಲು ಐದು ತಿಂಗಳು ಮೀರಿತು.

ನಾನು ವಕೀಲನಲ್ಲ. ಆದರೂ ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಿಷಯ ತಿಳಿಯುತ್ತದೆ. ಗಡಿಪಾರಿನ ಮೇಲೆ ಕೋರ್ಟಿಗೆ ಅಧಿಕಾರ ಇದೆ. ಆದರೆ ಅದರ ನಿಜವಾದ ಬಲ ಇರುವುದು ನೋಟಿಸು ಕೈಗೆ ಬಂದದ್ದಕ್ಕೂ ಬಸ್ಸು ಹತ್ತಿಸಿದ್ದಕ್ಕೂ ನಡುವಿನ ಆ ನಾಲ್ಕಾರು ದಿನಗಳಲ್ಲಿ. ಗೋಕರ್ಣದಲ್ಲಿ ಆ ದಿನಗಳು ಸಿಕ್ಕವು, ಬೀರಭೂಮಿನವರಿಗೆ ಸಿಗಲಿಲ್ಲ. ನೋಟಿಸೇ ಇಲ್ಲದೆ, ರಾತ್ರೋರಾತ್ರಿ ಗಾಡಿ ಹತ್ತಿಸಿದರೆ ಎಷ್ಟು ದೊಡ್ಡ ಕೋರ್ಟಿದ್ದರೂ ಹಿಂದಿನಿಂದ ಓಡಬೇಕಾಗುತ್ತದೆ.

ನಮಗೇಕೆ ಈ ಮಾತು? ತೋರಣಗಲ್ಲಿನ ಕಾರ್ಖಾನೆ, ಸಂಡೂರಿನ ಗಣಿಗಳಿಗೆ ಹೊರ ರಾಜ್ಯಗಳಿಂದ ದುಡಿಯಲು ಬಂದವರಿದ್ದಾರೆ. ಕಂಪ್ಲಿ, ಗಂಗಾವತಿ ದಾಟಿ ಸಿಂಧನೂರಿಗೆ ಹೋದರೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರವೇ ಕಟ್ಟಿಕೊಟ್ಟ ಕ್ಯಾಂಪುಗಳಿವೆ. ಬಸ್ಸಿನಲ್ಲಿ ಪಕ್ಕದವ ಬಂಗಾಳಿ ಮಾತಾಡಿದ ಮಾತ್ರಕ್ಕೆ ಅವನು ಪರದೇಶದವನಾಗುವುದಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ಕಾಗದ, ವಿಚಾರಣೆ. ಪಕ್ಕದ ಸೀಟಿನವರ ಅನುಮಾನವಲ್ಲ.

ಇನ್ನು ಊರಿನವರಿಗೇ ನೋಟಿಸು ಬಂದರೆ ಏನು ಮಾಡಬೇಕು? ಹರಿದು ಎಸೆಯಬೇಡಿ, ಹೆದರಿ ತಪ್ಪಿಸಿಕೊಂಡು ತಿರುಗಬೇಡಿ. ಕೈಗೆ ಬಂದ ತಾರೀಖು ಬರೆದಿಡಿ. ಆರೋಪದ ಪ್ರತಿ ಕೇಳಿ ಪಡೆಯಿರಿ. ಕೇಸು ಖುಲಾಸೆಯಾಗಿದ್ದರೆ ಆ ತೀರ್ಪಿನ ನಕಲು ಹಚ್ಚಿ, ಬರಹದಲ್ಲೇ ಉತ್ತರ ಕೊಟ್ಟು ಸ್ವೀಕೃತಿ ಇಸಿದುಕೊಳ್ಳಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯೇ ಇದೆ. ಹೈಕೋರ್ಟಿಗೆ ಹೋಗಲು ಮೊದಲಿನಂತೆ ಬೆಂಗಳೂರಿಗೆ ಅಲೆಯಬೇಕಿಲ್ಲ. 2008ರಿಂದ ಧಾರವಾಡದಲ್ಲೇ ಪೀಠವಿದೆ, ಬೆಳಗಿನ ಗಾಡಿ ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದು.

ಚಹಾ ಅಂಗಡಿಯ ಹಿರಿಯರಿಗೆ ಇಷ್ಟು ಹೇಳಿದೆ. ಅವರು ಗ್ಲಾಸು ಕೆಳಗಿಟ್ಟು, "ಹಂಗಾದ್ರ ಅಧಿಕಾರ ಐತಿ, ಟೈಮ್ ಇಲ್ಲ ಅನ್ರಿ" ಅಂದರು.

ಹೌದು ಹಿರಿಯರೇ. ಅದಕ್ಕೇ ನೋಟಿಸು ಬಂದ ದಿನವೇ ಕೋರ್ಟಿನ ಕಡೆ ಹೆಜ್ಜೆ ಹಾಕಬೇಕು. ನೋಟಿಸು ಕೊಡದೆ ಒಯ್ಯಲು ಬಂದವರನ್ನು 'ಆದೇಶ ಎಲ್ಲಿ, ತೋರಿಸ್ರಿ' ಎಂದು ಕೇಳುವಷ್ಟು ಧೈರ್ಯ ಪಕ್ಕದ ಮನೆಯವರಿಗೂ ಇರಬೇಕು.