ಒಂದು ತೂತಿನ ಮೇಲೆ ಯಾಕಿಷ್ಟು ಸಿಟ್ಟು?

ಬೆಂಗಳೂರಿನ ಮಾಲ್‌ಗಳಲ್ಲಿ ಬೌಲಿಂಗ್ ಆಡೋಕೆ ಮೂರು ತೂತಿನ ಭಾರದ ಚೆಂಡು ಕೊಡ್ತಾರಲ್ಲ, ಅದು ಯಾರ ಕೈಯನ್ನೂ ಅಳೆದು ಮಾಡಿದ್ದಲ್ಲ. ಅಮೆರಿಕದಲ್ಲಿ ಈ ಆಟವನ್ನೇ ಹಚ್ಚಿಕೊಂಡವರು ತೂತಿಲ್ಲದ ಚೆಂಡು ಕೊಂಡು, ತಮ್ಮ ಬೆರಳಿಗೆ ತಕ್ಕಂತೆ ಕೊರೆಸುತ್ತಾರೆ. ಎಲ್ಲಿ ಕೊರೆಯಬೇಕು ಅನ್ನೋದೇ ಅಲ್ಲಿ ದೊಡ್ಡ ವಿದ್ಯೆ.

ಬುಗುರಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮೊಳೆ ಚೂರು ಓರೆಯಾದರೂ ಬುಗುರಿ ಓಲಾಡುತ್ತೆ. ಬೌಲಿಂಗ್ ಚೆಂಡಿನ ಹೊಟ್ಟೆಯಲ್ಲೂ ಭಾರದ ತಿರುಳಿದೆ. ಅದರ ತಲೆ ಎಲ್ಲಿದೆ ಅಂತ ತೋರಿಸೋಕೆ ಹೊರಗೊಂದು ಬಣ್ಣದ ಚುಕ್ಕೆ ಇರುತ್ತೆ, ಅದಕ್ಕೆ ‘ಪಿನ್’ ಅಂತಾರೆ. ಕೈಬಿಟ್ಟ ಚೆಂಡು ಯಾವ ಅಕ್ಷದ ಮೇಲೆ ತಿರುಗುತ್ತೋ ಅದರ ತುದಿಗೂ ಈ ಪಿನ್‌ಗೂ ಇರುವ ದೂರವೇ ಆಟದ ಗುಟ್ಟು. ಪಿನ್ ಅಕ್ಷದ ಮೇಲೇ ಇದ್ದರೆ, ಇಲ್ಲವೇ 6.75 ಇಂಚು ದೂರ ಇದ್ದರೆ, ಓಲಾಟ ಇಲ್ಲ ಅನ್ನುವಷ್ಟು ಕಡಿಮೆ. ನಡುವೆ, 3.4 ಇಂಚಿನ ಆಸುಪಾಸಿನಲ್ಲಿ, ಅತಿ ಹೆಚ್ಚು. ಓಲಾಡಿದಷ್ಟೂ ಪ್ರತಿ ಸುತ್ತಿಗೆ ಚೆಂಡಿನ ಹೊಸ ಜಾಗ, ಎಣ್ಣೆ ಮೆತ್ತದ ಜಾಗ, ನೆಲ ಮುಟ್ಟುತ್ತೆ. 60 ಅಡಿ ಹಾದಿಯ ಮೊದಲ ಭಾಗಕ್ಕೆ ಎಣ್ಣೆ ಬಳಿದಿರುತ್ತಾರೆ. ಅದು ದಾಟಿದ ಮೇಲೆ ಇಂಥ ಚೆಂಡು ನೆಲ ಹಿಡಿದು ಜೋರಾಗಿ ತಿರುಗುತ್ತೆ. 2021ರಲ್ಲಿ ತೀರಿಕೊಂಡ ಮೊ ಪಿನೆಲ್ ಈ ಅಳತೆಗಳಿಗೊಂದು ಲೆಕ್ಕಾಚಾರವನ್ನೇ ಕೊಟ್ಟವರು.

ನಮ್ಮ ತಕರಾರು ಬೇರೆ. ಮೊದಲು ಬೆರಳು ಹಾಕದ ಒಂದು ಹೆಚ್ಚುವರಿ ತೂತಿಗೂ ಅವಕಾಶವಿತ್ತು. ಅದನ್ನು ಕೊರೆಸಿ ಚೆಂಡಿನ ಓಲಾಟ ಹೆಚ್ಚಿಸಬಹುದಿತ್ತು, ಇಳಿಸಬಹುದಿತ್ತು. ಅಲ್ಲಿನ ಆಡಳಿತ ಸಂಸ್ಥೆ ಯುಎಸ್‌ಬಿಸಿ 2020ರ ಆಗಸ್ಟ್ 1ರಿಂದ ಅದನ್ನು ನಿಷೇಧಿಸಿತು. ಬದಲಿಗೆ ತೂಕದ ಏರುಪೇರಿನ ಮಿತಿಯನ್ನು 3 ಔನ್ಸ್‌ಗೆ ಸಡಿಲಿಸಿತು. ತಪಾಸಣೆ ಸುಲಭವಾಯ್ತು, ಅದು ನಿಜ, ಒಪ್ಪೋಣ.

ಆದರೆ ಚೆಂಡಿನ ತಿರುವಿನಲ್ಲಿ ಹೊರಮೈಯ ಒರಟುತನದ ಪಾಲು ದೊಡ್ಡದು ಅಂತ ಅದೇ ಸಂಸ್ಥೆಯ ಅಧ್ಯಯನ ತೋರಿಸಿತ್ತು. ಪಂದ್ಯಕ್ಕೆ ಮುಂಚೆ ಉಜ್ಜುವ ಕಾಗದದಿಂದ ಮೈ ತಿಕ್ಕೋದು ಇವತ್ತಿಗೂ ಸರಿ, ತೂತು ಮಾತ್ರ ತಪ್ಪು! ಐದಾರು ಚೆಂಡು ಹೊತ್ತು ಬರುವವನಿಗೆ ಇದರಿಂದ ಏನೂ ಆಗಲಿಲ್ಲ, ಬೇರೆ ಚೆಂಡು ಎತ್ತಿಕೊಂಡ. ಒಂದೇ ಚೆಂಡಿಟ್ಟುಕೊಂಡು ವಾರಕ್ಕೊಮ್ಮೆ ಆಡುವ ಕೆಲಸಗಾರನಿಗೆ ಆ ತೂತೇ ಹಳೇ ಚೆಂಡಿಗೆ ಹೊಸ ನಡೆ ಕಲಿಸುವ ಅಗ್ಗದ ದಾರಿಯಾಗಿತ್ತು. ಅದನ್ನು ಮುಚ್ಚಿಸೋ ಖರ್ಚೂ ಅವನ ಕಿಸೆಯಿಂದಲೇ ಹೋಯ್ತು.