ಶಟರ್ ಎತ್ತಿದರೆ ಸಾಕಾ?

ಲಾಕ್‌ಡೌನ್ ಅಂದಾಕ್ಷಣ ನಮ್ಮಂಥ ಐಟಿ ಮಂದಿಗೆ ನೆನಪಾಗೋದು ವರ್ಕ್ ಫ್ರಮ್ ಹೋಮ್. ಲ್ಯಾಪ್‌ಟಾಪ್ ಹೆಗಲಿಗೇರಿಸಿ ಊರಿಗೆ ಬಂದ್ವಿ, ನೆಟ್‌ವರ್ಕ್ ಹುಡುಕ್ಕೊಂಡು ಮಹಡಿ ಹತ್ತಿದ್ವಿ, ತಿಂಗಳ ಕೊನೆಗೆ ಸಂಬಳ ಬಂತು. ಆದರೆ ಗುಂಡ್ಲುಪೇಟೆಯಲ್ಲಿ ಟೀ ಅಂಗಡಿ ಇಟ್ಟವರಿಗೆ, ಚಾಮರಾಜನಗರದಲ್ಲಿ ಬಟ್ಟೆ ಹೊಲಿಯೋರಿಗೆ ನೆನಪಾಗೋದು ಎರಡು ಬಾಡಿಗೆ. ಒಂದು ಅಂಗಡೀದು, ಇನ್ನೊಂದು ಮನೇದು.

ನಮ್ಮ ಜಿಲ್ಲೆಯ ಕಥೆಯೇ ವಿಚಿತ್ರ. 2020ರ ಮೇ ತಿಂಗಳಲ್ಲಿ ನಾವು ಹಸಿರು ವಲಯ. ರಾಜ್ಯದ ಉಳಿದೆಲ್ಲ ಜಿಲ್ಲೆಗಳಲ್ಲಿ ಕೊರೊನಾ ಕಾಣಿಸಿಕೊಂಡ ಮೇಲೂ ಇಲ್ಲಿ ಜೂನ್‌ವರೆಗೆ ಒಂದೂ ಕೇಸ್ ಇರಲಿಲ್ಲ. ಒಂದೇ ವರ್ಷಕ್ಕೆ ಎಲ್ಲ ತಿರುವುಮುರುವು. 2021ರ ಮೇ 2ರ ರಾತ್ರಿ ನಡೆದ ಆಕ್ಸಿಜನ್ ದುರಂತ ದೇಶಕ್ಕೆಲ್ಲ ಸುದ್ದಿಯಾಯ್ತು. ಜೂನ್ 14ರಿಂದ 19 ಜಿಲ್ಲೆಗಳಲ್ಲಿ ಅನ್‌ಲಾಕ್ ಶುರುವಾದಾಗ, ಬಿಗಿ ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ನಮ್ಮದೂ ಒಂದು.

ಗುಂಡ್ಲುಪೇಟೆಯಂತೂ ಹೆದ್ದಾರಿ ನಂಬಿಕೊಂಡ ಊರು. ಊಟಿಗೋ ವಯನಾಡಿಗೋ ಹೋಗೋ ಗಾಡಿ ಬಂದರೇನೆ ಇಲ್ಲಿ ಹೋಟೆಲಿನ ಒಲೆ ಉರಿಯೋದು. ಅಂಗಡಿ ತೆರೆಯೋಕೆ ಅನುಮತಿ ಸಿಕ್ಕರೂ ಗಡಿ ದಾಟಿ ಬರೋರಿಲ್ಲದಿದ್ದರೆ ಏನು ಪ್ರಯೋಜನ? "ಬಾಗ್ಲು ತೆಗ್ದಿವಿ ಕಣಪ್ಪ, ಗಿರಾಕಿ ಎಲ್ಲವ್ರೆ?" ಅನ್ನೋ ಪ್ರಶ್ನೆಗೆ ಯಾವ ಮಾರ್ಗಸೂಚಿಯಲ್ಲೂ ಉತ್ತರ ಇರಲಿಲ್ಲ.

ಬಾಡಿಗೆ ವಿಷಯಕ್ಕೆ ಬರೋಣ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿತು: ಕಾರ್ಮಿಕರಿಂದ ಮಾಲೀಕರು ಒಂದು ತಿಂಗಳು ಮನೆ ಬಾಡಿಗೆ ಕೇಳಬಾರದು, ಮನೆ ಖಾಲಿ ಮಾಡಿಸಬಾರದು. ಒಳ್ಳೇದೇ. ಆದರೆ ಟೀ ಅಂಗಡಿಯವರು ಕಾರ್ಮಿಕರೋ, ಮಾಲೀಕರೋ? ತಾವೇ ಪಾತ್ರೆ ತೊಳೆದರೂ ಕಾಗದದಲ್ಲಿ ಅವರು 'ವ್ಯಾಪಾರಿ'. ಅಂಗಡಿ ಬಾಡಿಗೆಯ ಮಾತಂತೂ ಆ ಆದೇಶದಲ್ಲಿ ಇರಲೇ ಇಲ್ಲ.

ಹಾಗಾದ್ರೆ ಇದನ್ನೆಲ್ಲ ಕೇಳಬೇಕಿದ್ದವರು ಯಾರು? ನಮ್ಮ ನಗರಸಭೆ, ಪುರಸಭೆ. 2018ರಲ್ಲೇ ನಾವು ವೋಟು ಹಾಕಿ ಸದಸ್ಯರನ್ನ ಆರಿಸಿದ್ವಿ. ಅಧ್ಯಕ್ಷ ಸ್ಥಾನದ ಮೀಸಲಾತಿ ಜಗಳ ಕೋರ್ಟು ಹತ್ತಿದ್ದರಿಂದ 2020ರ ಕೊನೆ ಬರೋವರೆಗೂ ಅಧ್ಯಕ್ಷರೇ ಇರಲಿಲ್ಲ. ಆಡಳಿತಾಧಿಕಾರಿ ಕೈಲಿ ಎಲ್ಲ. ಮೊದಲ ಲಾಕ್‌ಡೌನ್ ಪೂರ್ತಿ ಹೀಗೇ ಕಳೀತು. ಅಧಿಕಾರಿಗಳು ಹಗಲೂ ರಾತ್ರಿ ದುಡಿದರು, ಸರಿ. ಆದರೆ ಯಾವ ಬೀದಿಯಲ್ಲಿ ಯಾರ ಅಂಗಡಿಗೆ ಎಷ್ಟು ತಿಂಗಳ ಬಾಕಿ ಇದೆ ಅಂತ ಗೊತ್ತಿರೋದು ವಾರ್ಡಿನ ಸದಸ್ಯರಿಗೆ. ಅವರಿಗೆ ಆಗ ಅಧಿಕಾರವೇ ಇರಲಿಲ್ಲ.

ಯೋಜನೆಗಳು ಬಂದವು ನಿಜ. 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿಯಲ್ಲಿ ಬೀದಿ ವ್ಯಾಪಾರಿಗಳಿಗೆ ಆಗ ಮೊದಲ ಕಂತು 10,000 ರೂಪಾಯಿ ಸಾಲ ಸಿಗ್ತಿತ್ತು. ಒಂದು ಲೆಕ್ಕ ಹಾಕಿ: ತಳ್ಳುಗಾಡಿಯವರ ಮನೆ ಬಾಡಿಗೆ ತಿಂಗಳಿಗೆ 3,000 ಅಂದ್ಕೊಳ್ಳಿ, ಮೂರು ತಿಂಗಳ ಬಾಕಿಗೇ 9,000 ಹೋಯ್ತು. ಬಂಡವಾಳಕ್ಕೆ ಉಳಿಯೋದು ಒಂದು ಸಾವಿರ. ಇನ್ನು ಸ್ವಂತ ಮನೆ? ಪಿಎಂ ಆವಾಸ್ ಯೋಜನೆಯಲ್ಲಿ ಮನೆ ಕಟ್ಟಿಕೊಳ್ಳೋರಿಗೆ ಕೇಂದ್ರದಿಂದ ಒಂದೂವರೆ ಲಕ್ಷ ಸಿಗುತ್ತೆ. ಆದರೆ ಅದಕ್ಕೆ ಮೊದಲು ಸ್ವಂತ ನಿವೇಶನ ಬೇಕು, ದಾಖಲೆ ಬೇಕು. ಬಾಡಿಗೆ ಕಟ್ಟೋದಕ್ಕೇ ದುಡಿಯೋರಿಗೆ ಸೈಟು ಎಲ್ಲಿಂದ ಬರಬೇಕು?

ಹಳೇ ಕಥೆ ಈಗ್ಯಾಕೆ ಅಂತೀರಾ? ಮುಂದೆ ಇನ್ನೊಂದು ಸಾಂಕ್ರಾಮಿಕವೋ, ಗಡಿ ಬಂದೋ ಆದಾಗ ನಾವು ಮತ್ತೆ ಲ್ಯಾಪ್‌ಟಾಪ್ ತಗೊಂಡು ಊರಿಗೆ ಹೋಗ್ತೀವಿ. ಅವರು ಎಲ್ಲಿಗೆ ಹೋಗ್ತಾರೆ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ನಿಮ್ಮೂರಲ್ಲಿ ಆ ಸಮಿತಿ ಕೊನೇ ಸಲ ಸಭೆ ಸೇರಿದ್ದು ಯಾವಾಗ? ವಾರ್ಡಿನ ಸದಸ್ಯರ ನಂಬರ್ ನಿಮ್ಮ ಫೋನಲ್ಲಿ ಇದ್ಯಾ? ಇಲ್ಲದಿದ್ದರೆ ಅಪ್ಪಾಜೀನೋ, ಚಿಕ್ಕಪ್ಪನ್ನೋ ಕೇಳಿ ಇವತ್ತೇ ಸೇವ್ ಮಾಡ್ಕೊಳ್ಳಿ. ವೀಕೆಂಡಿಗೆ ಊರಿಗೆ ಹೋದಾಗ ಒಂದು ಫೋನ್ ಮಾಡಿ, ಈ ಒಂದು ಪ್ರಶ್ನೆ ಕೇಳಿ ಸಾಕು.